ಕೆರೆಯ ದಂಡೆ, ಅರಳೆಯ ಅಂಡಿಗೆ, ನಮ್ಮ ಬೆನ್ನು

ಗದಗ-ಬೆಟಗೇರಿಯ ಚರಿತ್ರೆ ಅಂದ ಕೂಡಲೇ ತ್ರಿಕೂಟೇಶ್ವರ, ವೀರನಾರಾಯಣ, ಕುಮಾರವ್ಯಾಸ ಅಂತ ಎಣಿಸುತ್ತಾರೆ. ಎಣಿಸಲಿ. ಆದರೆ ಭೀಷ್ಮಕೆರೆಯ ದಂಡೆಯ ಈ ಊರನ್ನು ದೊಡ್ಡ ಪೇಟೆ ಮಾಡಿದ್ದು ಹತ್ತಿ ಮತ್ತು ರೈಲು. ಆ ಹತ್ತಿ ಬಿಡಿಸಿದ ಕೈ ಯಾರದು, ಅದನ್ನು ರೈಲಿಗೆ ಹೇರಿದ ಬೆನ್ನು ಯಾರದು? ಈ ಪ್ರಶ್ನೆಯನ್ನು ನಾವು ಕೇಳಲೇಬೇಕಾಗಿದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿ ಕರಿಯ ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಾಯಿತು. ದೊರೆಗಳ ಕಣ್ಣು ಧಾರವಾಡ ಸೀಮೆಯ ಎರೆಹೊಲಗಳ ಮೇಲೆ ಬಿತ್ತು. ಆಗ ನಮ್ಮ ಹತ್ತಿ ಚಕ್ಕಡಿ ಏರಿ, ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. 1876-78ರ ಬರದಲ್ಲಿ ಮಂದಿ ಅನ್ನವಿಲ್ಲದೆ ಸತ್ತರು. ಬರದ ಸೀಮೆಗೆ ಕಾಳು ಸಾಗಿಸಲಿಕ್ಕೆ ಅಂತ ಸದರ್ನ್ ಮರಾಠಾ ರೈಲ್ವೆಯ ಹಳಿ ಬಿತ್ತು. 1884ರಲ್ಲಿ ಗದಗಿಗೆ ಗಾಡಿ ಬಂತು. ಕಾಳು ತರಬೇಕಾದ ಗಾಡಿ ಹತ್ತಿ ಹೊತ್ತುಕೊಂಡು ಹೋಯಿತು! ಹಳಿ ಕಾಣದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಚಕ್ಕಡಿಗಳೂ ಗದಗಿನ ಪೇಟೆಗೇ ತಿರುಗಿದವು. ಜಿನ್ನು, ಪ್ರೆಸ್ಸು, ಅಡತಿ ಅಂಗಡಿ ಎದ್ದವು. ಅರಳೆಯ ಧೂಳು ನುಂಗಿದವರು ಕೂಲಿ ಹೆಣ್ಣುಮಕ್ಕಳು. ಅಂಡಿಗೆ ಹೊತ್ತವರು ಹಮಾಲರು. ಲಾಭ ಎಣಿಸಿದವರು ಬೇರೆ.

1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಬಡ್ಡಿಯ ಸಾವುಕಾರನಿಂದ ರೈತನನ್ನು ಬಿಡಿಸುವ ಆ ಕೆಲಸ ದೊಡ್ಡದು, ನಾವು ಅಲ್ಲಗಳೆಯೋದಿಲ್ಲ. ಆದರೆ ಹೊಲವೇ ಇಲ್ಲದವನಿಗೆ ಯಾವ ಪತ್ತು?

ಇನ್ನೊಂದು ಪುಟ ಇದೆ. ಕೆಲವು ಅಲೆಮಾರಿ ಜಾತಿಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿ, ಸರಕಾರ ಅವರನ್ನು ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿತು. ಹುಬ್ಬಳ್ಳಿ, ಸೊಲ್ಲಾಪುರ, ಗದಗ: ರೈಲು, ಗಿರಣಿ ಇದ್ದ ಊರುಗಳೇ ಇವು. ಕೈಗೆ ಕೆಲಸ, ಕಾಲಿಗೆ ಹಾಜರಿಯ ಸರಪಳಿ. 1952ರಲ್ಲಿ ಆ ಕಾನೂನು ದೇಶದ ತುಂಬ ಸತ್ತಿತು. ಬೆಟಗೇರಿಯಲ್ಲಿ 'ಸೆಟ್ಲಮೆಂಟ್' ಅನ್ನೋ ಹೆಸರು ಇನ್ನೂ ಸತ್ತಿಲ್ಲ.

ಕೆರೆಯ ಮಾತಿಗೆ ಬರೋಣ. ಗದಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಸಾರ್ವಜನಿಕ ಕೆರೆ-ಬಾವಿ ಅಸ್ಪೃಶ್ಯರಿಗೂ ಮುಕ್ತ ಅಂತ ಆ ಪ್ರಾಂತದ ಶಾಸನಸಭೆ 1923ರಲ್ಲೇ ಠರಾವು ಮಾಡಿತು. ಠರಾವು ಕಾಗದದಲ್ಲೇ ಉಳಿಯಿತು. ಅದೇ ಪ್ರಾಂತದ ಮಹಾಡದಲ್ಲಿ ಬೊಗಸೆ ನೀರು ಕುಡಿಯಲಿಕ್ಕೆ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಮಂದಿಯೊಡನೆ ನಡೆಯಬೇಕಾಯಿತು. ಟಿಕೀಟು ತಗೊಂಡರೆ ರೈಲು ಹತ್ತಿಸಿಕೊಂಡಿತು. ಕೆರೆಗೆ ಯಾವ ಟಿಕೀಟೂ ನಡೆಯಲಿಲ್ಲ.

1997ರಲ್ಲಿ ಗದಗ ಜಿಲ್ಲೆಯಾಯಿತು. ಭೀಷ್ಮಕೆರೆಯಲ್ಲಿ ಬಸವಣ್ಣ ಮುಗಿಲೆತ್ತರ ನಿಂತಿದ್ದಾನೆ. ಅವನ ಕಣ್ಣೆದುರು ಕಾಯಕದವರ ಚರಿತ್ರೆ ಬರೆಯದೆ ಇದ್ದರೆ ಹೇಗೆ? ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಶಾಸನ ಓದಿದ್ದು ಸಾಕು, ಕೇರಿಗೆ ಹೋಗ್ರಿ. ಹಮಾಲಿ ಮಾಡಿದ ಅಜ್ಜ, ಹತ್ತಿ ಬಿಡಿಸಿದ ಅಮ್ಮ ಇನ್ನೂ ಇದ್ದಾರೆ. ನೀರು ಎಲ್ಲಿಂದ ತರತಿದ್ರಿ, ಕೂಲಿ ಎಷ್ಟು ಕೊಡತಿದ್ರು ಅಂತ ಕೇಳ್ರಿ, ಬರಕೊಳ್ಳಿರಿ. ಅವರು ಹೋದ ಮೇಲೆ ಕೇಳಲಿಕ್ಕೆ ಕಲ್ಲುಗಳಷ್ಟೇ ಉಳೀತಾವೆ.