ಎರಡು ಸೆಲೆರಾನ್, ಒಂದು ಪಿನ್

ಮನೆಯಲ್ಲೊಂದು ಸರ್ವರ್ ಇಟ್ಟುಕೊಳ್ಳಬೇಕು, ಅದೂ ಹಳೇ ಸಾಮಾನಿನಲ್ಲೇ ಆಗಬೇಕು ಅನ್ನೋ ಹುಚ್ಚು ನನಗೆ ಇಂಜಿನಿಯರಿಂಗ್ ಓದುವಾಗಿನಿಂದಲೂ ಇದೆ. ಇಂಥ ಹುಚ್ಚಿನವರು ನಾಲ್ಕು ಜನ ಸೇರಿದರೆ, ಅದರಲ್ಲೊಬ್ಬರು ಹಿರಿಯರು ಯಾವಾಗಲೋ ಒಮ್ಮೆ "ಬಿಪಿ6..." ಅಂತ ನಿಟ್ಟುಸಿರು ಬಿಡುತ್ತಾರೆ. ರಕ್ತದೊತ್ತಡದ ಮಾತಲ್ಲ ಸ್ವಾಮಿ :-) ತೈವಾನಿನ ಅಬಿಟ್ ಕಂಪನಿ 1999ರಲ್ಲಿ ತಂದ ಒಂದು ಮದರ್‌ಬೋರ್ಡ್ ಅದು. ಆಗ ನಾನು ಅಂಬೆಗಾಲಿಡುತ್ತಿದ್ದೆ. ಹಾಗಾಗಿ ಇದು ನನ್ನ ನೆನಪಲ್ಲ, ಹುಡುಕಿ ಓದಿಕೊಂಡ ಕಥೆ.

1998ರ ಏಪ್ರಿಲ್‌ನಲ್ಲಿ ಇಂಟೆಲ್ ಅಗ್ಗದ ಕಂಪ್ಯೂಟರುಗಳಿಗೆ ಅಂತ ಸೆಲೆರಾನ್ ಬಿಟ್ಟಿತು. ಒಳಗಿದ್ದದ್ದು ಪೆಂಟಿಯಂ 2ರ ತಿರುಳೇ, ಆದರೆ ಎರಡನೇ ಹಂತದ ಕ್ಯಾಶ್ ಮೆಮೊರಿಯನ್ನು ಪೂರ್ತಿ ಕಿತ್ತು ಹಾಕಿದ್ದರು. ಆಮೆಯ ಹಾಗೆ ನಡೀತಿತ್ತು, ಎಲ್ಲರೂ ಬೈದರು. ಅದೇ ವರ್ಷ ಆಗಸ್ಟ್‌ನಲ್ಲಿ 300ಎ ಅನ್ನೋ ಹೊಸ ಸೆಲೆರಾನ್ ಬಂತು. ಇದರಲ್ಲಿ 128 ಕೆಬಿ ಕ್ಯಾಶ್ ಚಿಪ್ಪಿನೊಳಗೇ ಇತ್ತು, ಪ್ರೊಸೆಸರ್‌ನ ಪೂರ್ತಿ ವೇಗದಲ್ಲೇ ಓಡುತ್ತಿತ್ತು. ದುಬಾರಿ ಪೆಂಟಿಯಂ 2ರಲ್ಲಿ 512 ಕೆಬಿ ಇದ್ದರೂ ಅದು ಚಿಪ್ಪಿನ ಹೊರಗೆ, ಅರ್ಧ ವೇಗದಲ್ಲಿ. ಬಸ್ಸಿನ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ಎ ಎಷ್ಟೋ ಸಲ ತಕರಾರಿಲ್ಲದೆ 450ಕ್ಕೆ ಹೋಗುತ್ತಿತ್ತು. ಅವತ್ತಿಗೆ ಸೆಲೆರಾನ್ ಬೆಲೆ 149 ಡಾಲರ್, 450ರ ಪೆಂಟಿಯಂ 2ಕ್ಕೆ 669 ಡಾಲರ್. ಹೊಟ್ಟೆ ಉರಿಯೋದಿಲ್ವಾ ಹೇಳಿ?

ಸರಿ, ಅಷ್ಟು ಅಗ್ಗ ಅಂದ ಮೇಲೆ ಎರಡು ಹಾಕೋಣ ಅಂತ ಯಾರಿಗಾದರೂ ಅನ್ನಿಸುತ್ತೆ. ಅಲ್ಲಿ ಇಂಟೆಲ್ ಅಡ್ಡ ನಿಂತಿತ್ತು. ಎರಡು ಪ್ರೊಸೆಸರ್ ಬೇಕಾ, ಪೆಂಟಿಯಂ 2 ಕೊಳ್ಳಿ, ಸೆಲೆರಾನ್‌ನಲ್ಲಿ ಆಗಲ್ಲ ಅಂತ.

ಆಗಲ್ಲ ಅನ್ನೋದು ಮಾತ್ರ ಅರ್ಧ ಸತ್ಯ. ಎರಡೂ ಪ್ರೊಸೆಸರ್‌ಗಳು ಒಂದೇ ಬಸ್ ಹಂಚಿಕೊಳ್ಳಬೇಕು. ಒಂದೇ ಬೋರ್‌ವೆಲ್ಲಿಗೆ ಎರಡು ಮನೆಯವರು ಕೊಡ ಹಿಡಿದು ಬಂದ ಹಾಗೆ. "ಈಗ ನನಗೆ ಬೇಕು" ಅಂತ ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳಿಸಬೇಕು. ಅದಕ್ಕೇ ಇರುವ ತಂತಿಗಳು ಬಿಆರ್0 ಮತ್ತು ಬಿಆರ್1. ಒಂದರ ಬಿಆರ್0 ಇನ್ನೊಂದರ ಬಿಆರ್1ಕ್ಕೆ ಸೇರಬೇಕು. ಸೆಲೆರಾನ್ ತಿರುಳಿಗೆ ಈ ಮಾತುಕತೆ ಪೂರ್ತಿ ಗೊತ್ತಿತ್ತು. ಇಂಟೆಲ್ ಮಾಡಿದ್ದಿಷ್ಟೇ, ಅದನ್ನು ಕೂರಿಸಿದ್ದ ಕಾರ್ಡಿನಲ್ಲಿ ಬಿಆರ್1ರ ಗೆರೆಯನ್ನು ಅಂಚಿನ ಬಿ75 ಅನ್ನೋ ಪಿನ್ನಿನವರೆಗೆ ಎಳೆಯಲಿಲ್ಲ. ಕಿವಿ ಇದೆ, ಆದರೆ ಹತ್ತಿ ತುರುಕಿದ್ದರು.

ಜಪಾನಿನ ಹವ್ಯಾಸಿಗಳು ಇದನ್ನು ಕಂಡುಕೊಂಡು, ಕಾರ್ಡಿಗೆ ಸಣ್ಣ ಡ್ರಿಲ್ ಹಾಕಿ, ಕೂದಲೆಳೆಯಂಥ ತಂತಿ ಬೆಸುಗೆ ಹಾಕಿ, ಎರಡು ಸೆಲೆರಾನ್ ಒಟ್ಟಿಗೆ ಓಡಿಸಿ ತೋರಿಸಿದರು. ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟವಾಗುವ ಭಾಗ ಇದೇ. ಎರಡು ಪ್ರೊಸೆಸರ್ ಸಾಹುಕಾರರ ಸೊತ್ತಾಗಿದ್ದದ್ದು ತಯಾರಿಸುವ ಖರ್ಚಿನಿಂದಲ್ಲ, ಎಳೆಯದೇ ಬಿಟ್ಟ ಒಂದು ಗೆರೆಯಿಂದ.

1999ರಲ್ಲಿ ಸೆಲೆರಾನ್ ಸಾಕೆಟ್ 370ಕ್ಕೆ ಬಂತು. ಈ ಸಲ ಬೇಕಾದ ಪಿನ್ನು ಚಿಪ್ಪಿನ ಕೆಳಗೇ ಇತ್ತು. ಅಬಿಟ್‌ನವರು ಒಂದೇ ಬೋರ್ಡಿನಲ್ಲಿ ಎರಡು ಸಾಕೆಟ್ ಕೂರಿಸಿ, ಆ ತಂತಿಗಳನ್ನು ತಾವೇ ಜೋಡಿಸಿಬಿಟ್ಟರು. ಡ್ರಿಲ್ ಬೇಡ, ಬೆಸುಗೆ ಬೇಡ, ಅಂಗಡಿಯಿಂದ ತಂದ ಸೆಲೆರಾನ್ ಹಾಗೇ ಕೂರಿಸಿ. ಅದೇ ಬಿಪಿ6. ಇಂಟೆಲ್‌ನದೇ 440ಬಿಎಕ್ಸ್ ಚಿಪ್‌ಸೆಟ್ ಇಟ್ಟುಕೊಂಡು ಇಂಟೆಲ್ ಬೇಡ ಅಂದದ್ದನ್ನೇ ಮಾಡಿದರು! 366ರ ಎರಡು ಸೆಲೆರಾನ್ ತಂದು 550ಕ್ಕೆ ಏರಿಸೋದು ಆಗಿನ ಫ್ಯಾಷನ್. ಜೊತೆಗೆ ಇನ್ನೊಂದು ಡಿಸ್ಕ್ ಕಂಟ್ರೋಲರ್ ಕೊಟ್ಟಿದ್ದರಿಂದ ಒಟ್ಟು 8 ಐಡಿಇ ಸಾಧನ ಸಿಕ್ಕಿಸಬಹುದಿತ್ತು. ಮನೆ ಸರ್ವರ್ ಕಟ್ಟೋರಿಗೆ ಇನ್ನೇನು ಬೇಕು? (ಕೆಲವು ವರ್ಷ ಕಳೆದ ಮೇಲೆ ಕೆಪಾಸಿಟರ್‌ಗಳು ಪೂರಿಯ ಹಾಗೆ ಉಬ್ಬುತ್ತಿದ್ದವು, ಅದು ಬೇರೆ ಮಾತು. ಆ ಕಾಲದ ಸುಮಾರು ಬೋರ್ಡುಗಳಿಗೆ ಅದೇ ರೋಗ.)

ಬೋರ್ಡೇನೋ ಬಂತು, ಓಡಿಸೋದು ಏನನ್ನ? ವಿಂಡೋಸ್ 98 ಎರಡನೇ ಪ್ರೊಸೆಸರ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎನ್‌ಟಿ ಬೇಕು, 2000ದಲ್ಲಿ ಬಂದ ವಿಂಡೋಸ್ 2000 ಬೇಕು, ಇಲ್ಲಾ ಲಿನಕ್ಸ್. ಲಿನಕ್ಸಿಗೆ ಎರಡು ಪ್ರೊಸೆಸರ್ ಕಲಿಸಿದ ಕೆಲಸವೂ ದಾನದಿಂದಲೇ ಶುರುವಾದದ್ದು. ಕಾಲ್ಡೆರಾ ಕಂಪನಿ ಏಸಸ್‌ನ ಎರಡು ಪೆಂಟಿಯಂ ಬೋರ್ಡೊಂದನ್ನು ಅಲನ್ ಕಾಕ್ಸ್‌ಗೆ ಕೊಟ್ಟಿತು. ಥಾಮಸ್ ರಾಡ್ಕೆ ಮಾಡಿದ್ದ ಆರಂಭದ ಕೆಲಸದ ಮೇಲೆ ಆತ 1995ರಲ್ಲಿ ಅದನ್ನು ಕಟ್ಟಿದ. 1996ರ 2.0 ಆವೃತ್ತಿಯಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಆದರೆ ಇಡೀ ಕರ್ನಲ್ಲಿಗೆ ಒಂದೇ ದೊಡ್ಡ ಬೀಗ, ಒಂದು ಪ್ರೊಸೆಸರ್ ಒಳಗಿದ್ದರೆ ಇನ್ನೊಂದು ಬಾಗಿಲಲ್ಲಿ ಕಾಯಬೇಕು. 1999ರ ಜನವರಿಯ 2.2ರಲ್ಲಿ ಬೀಗಗಳು ಚಿಕ್ಕದಾಗುತ್ತಾ ಬಂದವು. ಆ ದೊಡ್ಡ ಬೀಗ ಪೂರ್ತಿ ಹೋಗಿದ್ದು 2011ರಲ್ಲಿ, 2.6.39ರ ಹೊತ್ತಿಗೆ!

ದಿನಾ ಥ್ರೆಡ್ಡುಗಳ ಜೊತೆ ಜಗಳ ಆಡೋ ನನಗೆ ಇಲ್ಲಿ ಒಂದು ಅನ್ನಿಸುತ್ತೆ. ಎರಡು ಥ್ರೆಡ್ ಒಂದೇ ಜಾಗಕ್ಕೆ ಒಟ್ಟಿಗೆ ಕೈ ಹಾಕಿ ಆಗುವ ತಪ್ಪು, ಒಂದೇ ಪ್ರೊಸೆಸರ್ ಇದ್ದರೆ ವರ್ಷಗಟ್ಟಲೆ ಅಡಗಿ ಕೂತಿರಬಹುದು. ಎರಡಾದ ದಿನ ಮುಖಕ್ಕೆ ಹೊಡೆಯುತ್ತೆ. ಲಕ್ಷಗಟ್ಟಲೆ ಬೆಲೆಯ ಯಂತ್ರದಲ್ಲಿ ಮಾತ್ರ ಕಾಣಿಸುತ್ತಿದ್ದ ಇಂಥ ತಪ್ಪುಗಳನ್ನು ಮನೆಯಲ್ಲೇ ಕೂತು ನೋಡಿ ಕಲಿಯುವ ಅವಕಾಶ ಬಿಪಿ6ನಿಂದ ಮಾಮೂಲಿ ಹುಡುಗರಿಗೂ ಸಿಕ್ಕಿತು. ವೇಗಕ್ಕಿಂತ ಇದೇ ದೊಡ್ಡ ಲಾಭ. ಹಾಗೆ ನೋಡಿದರೆ ಬರೀ ಫೈಲ್ ಹಂಚುವ ಸರ್ವರಿಗೆ ಎರಡನೇ ಪ್ರೊಸೆಸರ್‌ನಿಂದ ಹೆಚ್ಚೇನೂ ಆಗುತ್ತಿರಲಿಲ್ಲ. ಅಲ್ಲಿ ಡಿಸ್ಕು, ನೆಟ್‌ವರ್ಕ್‌ಗಳೇ ನಿಧಾನ. ಕರ್ನಲ್ ಕಂಪೈಲ್ ಮಾಡುತ್ತಾ ಅದೇ ಯಂತ್ರದಲ್ಲಿ ಮೇಲ್ ನೋಡೋರಿಗೆ ಮಾತ್ರ ಸ್ವರ್ಗ.

ಇಂಟೆಲ್ ಸುಮ್ಮನೆ ಕೂರಲಿಲ್ಲ. 2000ದ ಹೊಸ ಸೆಲೆರಾನ್‌ಗಳಲ್ಲಿ ಈ ಬಾಗಿಲನ್ನು ಚಿಪ್ಪಿನೊಳಗೇ ಮುಚ್ಚಿತು, ಡ್ರಿಲ್ಲಿಗೂ ಸಿಗದ ಹಾಗೆ. ಆಮೇಲೆ ಎಎಂಡಿ ಸರದಿ. ಅಗ್ಗದ ಅಥ್ಲಾನ್ ಎಕ್ಸ್‌ಪಿಯ ಮೈಮೇಲಿದ್ದ ಎಲ್5 ಅನ್ನೋ ಕಡಿದ ಸೇತುವೆಯನ್ನು ಜೋಡಿಸಿ, ದುಬಾರಿ ಎಂಪಿ ಅಂತ ನಂಬಿಸುತ್ತಿದ್ದರು. 2005ರಲ್ಲಿ ಒಂದೇ ಪ್ಯಾಕೇಜಿನಲ್ಲಿ ಎರಡು ಕೋರ್ ಮನೆ ಕಂಪ್ಯೂಟರುಗಳಿಗೂ ಬಂದ ಮೇಲೆ ಈ ಆಟ ಮುಗೀತು. ಅಬಿಟ್ ಕೂಡ 2008ರ ಕೊನೆಗೆ ಮದರ್‌ಬೋರ್ಡ್ ವ್ಯಾಪಾರಕ್ಕೆ ಬಾಗಿಲು ಹಾಕಿತು.

ಈಗಿನ ದಾರಿ ಬೇರೆ. 2012ರಲ್ಲಿ ಸುಮಾರು 1,550 ಡಾಲರ್ ಇದ್ದ ಎಂಟು ಕೋರಿನ ಝಿಯಾನ್ ಇ5-2670, ದೊಡ್ಡ ಡೇಟಾ ಸೆಂಟರುಗಳು ಬಿಸಾಕಿದ ಮೇಲೆ 2016ರ ಹೊತ್ತಿಗೆ 100 ಡಾಲರಿಗೂ ಕಮ್ಮಿಗೆ ಸಿಗತೊಡಗಿತು. ಯಾರೂ ಬೀಗ ಹಾಕಿಲ್ಲ, ಎರಡು ಹಾಕಿದರೆ ಸುಮ್ಮನೆ ಓಡುತ್ತೆ. ಬೆಲೆ ಕೊಡಬೇಕಾದದ್ದು ಕರೆಂಟಿಗೆ. ಆ 366ರ ಸೆಲೆರಾನ್ ಮಾಮೂಲಿ ವೇಗದಲ್ಲಿ ಸುಮಾರು 22 ವ್ಯಾಟಿನದು, ಈ ಝಿಯಾನ್ ಒಂದೊಂದೂ 115 ವ್ಯಾಟಿನದು. ಇಡೀ ಯಂತ್ರ ಸುಮ್ಮನೆ ಕೂತು 150 ವ್ಯಾಟ್ ಕುಡಿದರೂ ತಿಂಗಳಿಗೆ 108 ಯೂನಿಟ್ ಆಯ್ತು. ಅದಕ್ಕೇ ನಮ್ಮನೆಯಲ್ಲಿರೋ ಜೋಡಿ ಝಿಯಾನ್ ವಾರಾಂತ್ಯಕ್ಕೆ ಮಾತ್ರ ಏಳುತ್ತೆ.

ಅಂದ ಹಾಗೆ, ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಬಿಪಿ6 ಬಿದ್ದಿದ್ಯಾ? ಕೆಪಾಸಿಟರ್ ಉಬ್ಬಿದ್ದರೂ ಪರವಾಗಿಲ್ಲ, ಬಂದು ತಗೊಂಡು ಹೋಗ್ತೀನಿ.