ಅಂಚೆಯ ಚೀಲಕ್ಕೊಂದು ಅಳತೆ

ಕೊಳ್ಳೇಗಾಲ ಸೀಮೆಯ ಅಂಚೆಯ ವಿಚಾರವನ್ನು ಹೇಳಹೊರಟವನು ಮೊದಲು ಒಂದು ಗಡಿಯನ್ನು ನೆನೆಯಬೇಕು. 1799ರಲ್ಲಿ ಟೀಪೂವಿನ ಪತನವಾದ ಮೇಲೆ ಕೊಳ್ಳೇಗಾಲವು ಕಂಪನಿಯ ಪಾಲಾಗಿ ಮದರಾಸು ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಳಕ್ಕೆ ಬರುವವರೆಗೂ ಅದು ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕು. ಕೆಲವೇ ಹರದಾರಿ ಆಚೆಯ ಯಳಂದೂರಾದರೋ ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತದ್ದು. ನಮ್ಮ ಧನಗೆರೆಯಂಥ ಹಳ್ಳಿಯ ಹೆಣ್ಣುಮಗಳನ್ನು ಯಳಂದೂರಿಗೆ ಕೊಟ್ಟಿದ್ದರೆ, ತೌರಿನ ಕಾಗದವು ಒಂದು ಸರಕಾರದ ಟಪಾಲಿನ ಸೀಮೆಯಿಂದ ಹೊರಟು ಇನ್ನೊಂದು ಸರಕಾರದ ಅಂಚೆಯ ಸೀಮೆಯನ್ನು ಹೊಗಬೇಕಾಗಿತ್ತು.

ಮೈಸೂರಿನ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದ್ದು, ಎಂದರೆ ಹದಿನೇಳನೆಯ ಶತಮಾನದ ಕೊನೆಯದು. ಅಂಚೆಯವರು ಕಾಗದವನ್ನು ಮುಟ್ಟಿಸುವುದರ ಜೊತೆಗೆ ನಾಡಿನ ಸುದ್ದಿಯನ್ನೂ ಅರಸರ ಕಿವಿಗೆ ಮುಟ್ಟಿಸುತ್ತಿದ್ದರು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಇಲಾಖೆ ಹೋಯಿತು, ಹೆಸರು ಉಳಿಯಿತು. ಇಂದು ಇಮೇಲಿಗೆ ನಾವು ‘ಮಿಂಚಂಚೆ’ ಎನ್ನುವಾಗಲೂ ಆ ಹಳೆಯ ಮಾತೇ ಕಂಪ್ಯೂಟರಿನೊಳಗೆ ಕುಳಿತು ಕೆಲಸಮಾಡುತ್ತಿದೆ.

ಹೆಸರಿನಂತೆಯೇ ಒಂದು ತೊಡಕೂ ಉಳಿದುಬಂದಿದೆ. ಅಂಚೆಯೆಂಬುದು ಹಲವರ ಕಾಗದಗಳನ್ನು ಒಂದೇ ಚೀಲದಲ್ಲಿ ಹೊರುವ ಏರ್ಪಾಡು. ಓಡುವ ಹರಿಕಾರನ ಹೆಗಲಿಗೆ ಮಿತಿಯುಂಟು; ಒಬ್ಬನು ಹೆಚ್ಚು ತುಂಬಿದರೆ ಇನ್ನೊಬ್ಬನದಕ್ಕೆ ಎಡೆಯಿಲ್ಲ. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿನ ಸದಸ್ಯರು ರುಜು ಹಾಕಿದ ಲಕೋಟೆಗೆ ಕೂಲಿಯಿರಲಿಲ್ಲ. ಅವರು ನೆಂಟರಿಷ್ಟರ ಕಾಗದಗಳಿಗೂ ರುಜು ಹಾಕಿದರು. ಪುಕ್ಕಟೆಯ ಆ ಹೊರೆಯನ್ನು ದುಡ್ಡು ಕೊಟ್ಟು ಬರೆಯುವ ಬಡವರು ಹೊತ್ತರು. 1840ರಲ್ಲಿ ರೋಲೆಂಡ್ ಹಿಲ್ಲನ ಸುಧಾರಣೆ ಈ ಸವಲತ್ತನ್ನು ತೆಗೆದು, ಅರ್ಧ ಔನ್ಸಿನ ಕಾಗದಕ್ಕೆ ಎಲ್ಲರಿಗೂ ಒಂದೇ ಪೆನ್ನಿ ಎಂದಿತು. ನಮ್ಮಲ್ಲಿ 1854ರಲ್ಲಿ, ದೂರವೆಷ್ಟೇ ಇರಲಿ, ಕಾಲು ತೊಲದ ಕಾಗದಕ್ಕೆ ಅರ್ಧ ಆಣೆ ಎಂದಾಯಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ಮಿತಿ ಇತ್ತು ನಿಜ; ಆದರೆ ಅದು ಅಚ್ಚಾದ ಮಿತಿ, ತಕ್ಕಡಿಯಲ್ಲಿ ತೂಗಿ ನೋಡಬಹುದಾದ ಮಿತಿ.

ಮಿಂಚಂಚೆಗೆ ತೂಕವೆಲ್ಲಿಯದು ಎಂದು ಓದುಗರು ಕೇಳಬಹುದು. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಲೆ ಕಳುಹಿಸಿದಾಗ ಆ ಪ್ರಶ್ನೆ ಇರಲಿಲ್ಲ. ಏಳೇ ವರ್ಷ ಕಳೆಯಿತು. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಎಂಬ ವ್ಯಾಪಾರಿ ಅಧಿಕಾರಿಯೊಬ್ಬನು ಸುಮಾರು 400 ಮಂದಿಗೆ ಒಂದೇ ಜಾಹಿರಾತನ್ನು ಒಟ್ಟಿಗೆ ಕಳುಹಿಸಿದನು. ಬೇಡದ ಓಲೆಯ ಇತಿಹಾಸ ಅಲ್ಲಿಂದ ಮೊದಲು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಸಂಗಡಿಗನೊಡನೆ 1996ರಲ್ಲಿ ಹಾಟ್‌ಮೇಲನ್ನು ಪುಕ್ಕಟೆಯಾಗಿ ತೆರೆದಾಗ ಓಲೆ ಬರೆಯುವವರು ಹೆಚ್ಚಿದರು. ಬೇಡದ ಓಲೆಗಳೂ ಹೆಚ್ಚಿದವು.

ಧನಗೆರೆಯಿಂದ ಹೊರಟು ಬೇರೆಬೇರೆ ಊರುಗಳಲ್ಲಿ ನೆಲೆಸಿರುವ ನಾವು ಕೆಲವರು ಸೇರಿ ಊರಿನ ಹೆಸರಿನಲ್ಲೊಂದು ವೆಬ್‌ಸೈಟನ್ನು ಇಟ್ಟುಕೊಂಡಿದ್ದೇವೆ. ಕೈಗೆಟಕುವ ಬಾಡಿಗೆಯ ಹೋಸ್ಟಿಂಗು ಅದು. ಒಂದೇ ಸರ್ವರಿನಲ್ಲಿ ನೂರಾರು ಬಿಡಾರ, ಹಳೆಯ ಬೆಂಗಳೂರಿನ ವಠಾರದಂತೆ. ಹಬ್ಬ, ಮದುವೆ, ಸಾವುಗಳ ಸುದ್ದಿ ಮುನ್ನೂರಕ್ಕೂ ಮಿಕ್ಕಿದ ವಿಳಾಸಗಳಿಗೆ ಅಲ್ಲಿಂದಲೇ ಹೋಗುತ್ತದೆ. ನಮಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರು ತೀರಿಕೊಂಡಾಗ ಹನ್ನೊಂದನೆಯ ದಿನದ ಕಾರ್ಯಕ್ಕೆ ಕರೆದ ಓಲೆ ಮೊದಲ ನೂರು ಮಂದಿಗೆ ಮುಟ್ಟಿತು. ಉಳಿದದ್ದು ಗಂಟೆಯ ಮಿತಿಯನ್ನು ಮೀರಿತೆಂದು ಹಿಂದಿರುಗಿತು. ಆ ಮಿತಿಯ ಸುದ್ದಿಯನ್ನು ಬಾಡಿಗೆ ಪಡೆವಾಗ ಯಾರೂ ನಮಗೆ ಹೇಳಿರಲಿಲ್ಲ. ತಲೆಕೊಡುತ್ತಿದ್ದ ಎಷ್ಟೋ ಶಿಷ್ಯರು ಆ ದಿನ ಬರಲಿಲ್ಲ. ಇನ್ನೊಮ್ಮೆ, ಅದೇ ಸರ್ವರಿನಲ್ಲಿದ್ದ ಗುರುತರಿಯದ ನೆರೆಯವನೊಬ್ಬನು ಲೆಕ್ಕವಿಲ್ಲದಷ್ಟು ಜಾಹಿರಾತು ಹಂಚಿದ. ವಠಾರಕ್ಕೆಲ್ಲ ವಿಳಾಸ ಒಂದೇ ಆದುದರಿಂದ ಕಪ್ಪುಪಟ್ಟಿಗೆ ಸೇರಿದ್ದೂ ಇಡೀ ವಠಾರ. ವಾರಗಟ್ಟಲೆ ನಮ್ಮ ಓಲೆಗಳು ಕಸದ ಪೆಟ್ಟಿಗೆಗೆ ಬಿದ್ದವು.

ಹೀಗಿರುವಲ್ಲಿ ಮಿತಿಯನ್ನೇ ಬೈದು ಫಲವಿಲ್ಲ. ಅದಿಲ್ಲದಿದ್ದರೆ ಅಂಥ ನೆರೆಯವನು ದಿನವೂ ಹುಟ್ಟುತ್ತಿದ್ದ. ಮಿತಿಯೊಳಗೆ ಬಾಳುವ ಬಗೆಯನ್ನು ನಾವು ಕಲಿತೆವು. ಒಂದೇ ಓಲೆಯನ್ನು ನೂರು ಮಂದಿಗೆ ಕಳುಹಿಸಿದರೆ ಸಾಮಾನ್ಯವಾಗಿ ಅದು ನೂರು ಓಲೆಯೆಂದೇ ಲೆಕ್ಕ. ಆದ್ದರಿಂದ ಪಟ್ಟಿಯನ್ನು ತುಂಡುಮಾಡಿ, ಗಂಟೆಗೊಂದು ಕಂತು ಕಳುಹಿಸುತ್ತೇವೆ. ಸತ್ತುಹೋದ ವಿಳಾಸಗಳನ್ನು ತೆಗೆದುಹಾಕಿದೆವು. ಹಿಂದಿರುಗುವ ಓಲೆಗಳು ಹೆಚ್ಚಾದರೆ ಕಳುಹಿಸಿದವನ ಹೆಸರು ಕೆಡುತ್ತದೆ. ಚಿತ್ರಗಳನ್ನು ಓಲೆಗೆ ಅಂಟಿಸದೆ ಸೈಟಿನಲ್ಲಿಟ್ಟು ಕೊಂಡಿಯನ್ನಷ್ಟೇ ಬರೆಯುತ್ತೇವೆ. ಹಳೆಯ ಓಲೆಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡು ಪೆಟ್ಟಿಗೆಯನ್ನು ಬರಿದುಮಾಡುತ್ತೇವೆ. ಕಳುಹಿಸಿದವರು ನಾವೇ ಎಂದು ಸಾರುವ ಎಸ್‌ಪಿಎಫ್, ಡಿಕಿಮ್ ಎಂಬ ಮುದ್ರೆಗಳನ್ನೂ ಒತ್ತಿಸಿದ್ದೇವೆ. 2024ರ ಫೆಬ್ರವರಿಯಿಂದ ಗೂಗಲ್ ಸಂಸ್ಥೆಯು ಜೀಮೇಲಿಗೆ ಓಲೆ ಕಳುಹಿಸುವವರೆಲ್ಲರೂ ಇವುಗಳಲ್ಲಿ ಒಂದನ್ನಾದರೂ, ದಿನಕ್ಕೆ 5,000ಕ್ಕೆ ಮಿಕ್ಕಿ ಕಳುಹಿಸುವವರು ಎರಡನ್ನೂ ಒತ್ತಿರಬೇಕೆಂದು ವಿಧಿಸಿದೆ. ಪಟ್ಟಿ ಇನ್ನೂ ಬೆಳೆದರೆ, ಓಲೆ ಸಾಗಿಸುವುದನ್ನೇ ಕಸುಬಾಗಿ ಮಾಡುವ ಬೇರೆ ಸೇವೆಯನ್ನು ಹಿಡಿಯುವುದೇ ಲೇಸು.

ಆದರೂ ಒಂದು ಮಾತು ಉಳಿಯುತ್ತದೆ. ಕಾಲು ತೊಲಕ್ಕೆ ಅರ್ಧ ಆಣೆ ಎಂಬುದನ್ನು ಓದುಬಾರದ ಒಕ್ಕಲಿಗನೂ ಯಾರನ್ನಾದರೂ ಕೇಳಿ ತಿಳಿಯಬಹುದಾಗಿತ್ತು. ‘ಅಪರಿಮಿತ’ ಎಂದು ಮುಂಬಾಗಿಲಲ್ಲಿ ಬರೆದು, ಮಿತಿಯನ್ನು ಹಿತ್ತಿಲ ಷರತ್ತುಗಳಲ್ಲಿ ಬಚ್ಚಿಡುವ ವ್ಯಾಪಾರ ಆ ಕಾಲದ ಅಂಚೆಗಿಂತ ಮುಂದೆ ಬಂದಿದೆಯೆನ್ನಲಾಗದು. ಹಲವರು ಹಂಚಿಕೊಂಡ ಚೀಲಕ್ಕೆ ಅಳತೆ ಬೇಕು; ಆ ಅಳತೆ ಎಲ್ಲರಿಗೂ ಒಂದೇ ಇರಬೇಕು, ಕಾಗದ ಬರೆಯುವ ಮೊದಲೇ ಕಣ್ಣಿಗೆ ಕಾಣಬೇಕು. ಊರಿನ ಸಾವಿನ ಸುದ್ದಿಯನ್ನು ಹೊತ್ತ ಓಲೆಗೆ ಇಷ್ಟಾದರೂ ಸಲ್ಲಬೇಕು.