ಬಡವರ ಊಟಿಯ ಮಾಗಿ ಚಳಿ

ಹಾಸನವನ್ನು ‘ಬಡವರ ಊಟಿ’ ಎಂದು ಕರೆಯುವುದು ವಾಡಿಕೆ. ಊರಿಗೆ ಬಂದ ನೆಂಟರಿಗೆ ಹಾಸನದವರು ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಆದರೆ ಬಿಡಿಸಿ ನೋಡಿದರೆ ಅದರಲ್ಲಿ ಹೊಗಳಿಕೆಗಿಂತ ತಮಾಷೆಯೇ ಹೆಚ್ಚು. ಊಟಿ ಎಂದರೆ ದುಡ್ಡು ಕೊಟ್ಟು ಚಳಿ ಕೊಳ್ಳುವವರ ಊರು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿ, ಅಲ್ಲಿ ಮನೆ ಕಟ್ಟಿಸಿದ ಮೇಲೆ ಮದರಾಸಿನ ಸೆಕೆ ತಾಳಲಾರದ ಬಿಳಿಯ ಅಧಿಕಾರಿಗಳೆಲ್ಲ ಆ ಬೆಟ್ಟದ ದಾರಿ ಹಿಡಿದರು. ಅವರ ಹಿಂದೆಯೇ ಉಣ್ಣೆಯ ಕೋಟು, ಗೋಡೆಯೊಳಗಿನ ಬೆಂಕಿಗೂಡು, ಬ್ರಾಂದಿ ಎಲ್ಲವೂ ಹೋದವು. ಹಾಸನದಲ್ಲಿ ಚಳಿ ಪುಕ್ಕಟೆ. ಮಿಕ್ಕದ್ದಕ್ಕೆ ಅವರವರ ದಾರಿ ಅವರವರೇ ನೋಡಿಕೊಳ್ಳಬೇಕು.

ಆ ದಾರಿಗಳಲ್ಲಿ ಮುಖ್ಯವಾದವು ಮೂರು: ಒಂದು ಕರಿಕಂಬಳಿ, ಒಂದಿಷ್ಟು ಬೆಂಕಿ, ಮತ್ತು ಚಳಿಯನ್ನು ಆಡಿಕೊಂಡು ನಗುವ ನಾಲಗೆ.

ಇದನ್ನು ಭಾರೀ ಚಳಿ ಎನ್ನಬಹುದೇ ಎಂದು ಉತ್ತರ ಭಾರತದವರು ಕೇಳಿಯಾರು. ಹವಾಮಾನ ಇಲಾಖೆಯ ಲೆಕ್ಕವನ್ನೇ ಹಿಡಿದರೆ ಹಾಸನದ ಚಳಿ ಹೆಚ್ಚಿನ ವರ್ಷ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಬಯಲು ಸೀಮೆಯಲ್ಲಿ ‘ಶೀತ ಅಲೆ’ ಎಂದು ಘೋಷಿಸಬೇಕಾದರೆ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗೆ ಬರಬೇಕು, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಇಳಿದಿರಬೇಕು. ಇಲ್ಲವೇ ನೇರವಾಗಿ 4 ಡಿಗ್ರಿ ಮುಟ್ಟಬೇಕು. ಹಾಸನದಲ್ಲಿ ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಪಾದರಸ 10ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬೆಂಗಳೂರಿನ ದಾಖಲೆಯೂ 7.8 ಡಿಗ್ರಿ; ಅದೂ 1884ರ ಜನವರಿ 13ರಷ್ಟು ಹಿಂದಿನದು.

ಆದರೆ ಚಳಿ ತಗಲುವುದು ಮೈಗೆ. ಆ ಮೈ ಮೇಲೆ ಏನಿದೆ ಎನ್ನುವುದೇ ನಿಜವಾದ ಅಳತೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯಾಗಲಿ, ಚನ್ನರಾಯಪಟ್ಟಣದ ಬಯಲಿನಲ್ಲಾಗಲಿ ರಾಗಿ ಒಕ್ಕಣೆಯ ದಿನಗಳಲ್ಲಿ ಕಣ ಕಾಯಲು ಮಲಗುತ್ತಿದ್ದವನ ಮೈ ಮೇಲೆ ಒಂದು ಅಂಗಿ, ಒಂದು ಪಂಚೆ, ಅದರ ಮೇಲೊಂದು ಕಂಬಳಿ. ಕಂಬಳಿ ಇಲ್ಲದವನಿಗೆ ಗೋಣಿಚೀಲ. ಕೆಳಗೆ ರಾಗಿ ಹುಲ್ಲು, ಮೇಲೆ ಬಯಲು ಆಕಾಶ. ಇಂಥವನಿಗೆ ಹತ್ತು ಡಿಗ್ರಿ ಎಂದರೆ ಸಾಮಾನ್ಯವಲ್ಲ.

ಈ ಸೀಮೆಗೆ ಚಳಿ ಬರುವ ಬಗೆಯೂ ಸರಳವೇ. ಹಾಸನ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟವರು ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಕಿಟಕಿ ಮುಚ್ಚಲು ಗಡಿಬಿಡಿ ಮಾಡುವುದು ಇದಕ್ಕೇ. ಮಳೆಗಾಲ ಮುಗಿದ ಮೇಲೆ ಈಶಾನ್ಯದಿಂದ ಒಣಗಾಳಿ ಬೀಸುತ್ತದೆ, ಮೋಡಗಳು ಚದುರುತ್ತವೆ. ಹಗಲಲ್ಲಿ ಕಾದ ನೆಲ ರಾತ್ರಿ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಡೆಯಲು ಮೋಡದ ಹೊದಿಕೆ ಇರುವುದಿಲ್ಲ. ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಇಳಿಯುತ್ತದೆ. ಹೊಳೆದಂಡೆಯ ಗದ್ದೆಗಳಲ್ಲಿ ದಿಣ್ಣೆಗಿಂತ ಹೆಚ್ಚು ಚಳಿ ಎಂದು ರೈತರು ಹೇಳುವ ಮಾತಿನ ಹಿಂದಿರುವ ವಿಜ್ಞಾನ ಇಷ್ಟೇ.

ಡಿಸೆಂಬರ್ 22ರ ಸುಮಾರಿಗೇ ಹಗಲು ಬೆಳೆಯತೊಡಗಿದರೂ ಚಳಿ ಕೂಡಲೇ ಇಳಿಯುವುದಿಲ್ಲ. ನೆಲ ಕಳೆದುಕೊಂಡ ಬಿಸಿ ಮರಳಿ ಬರಲು ವಾರಗಳೇ ಬೇಕು. ಈ ಲೆಕ್ಕವನ್ನು ಹಳ್ಳಿಯವರು ಪಾದರಸವಿಲ್ಲದೆ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ: ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ. ಹಬ್ಬಕ್ಕೆ ಬಂದು ವಾರವಾದರೂ ಕದಲದ ನೆಂಟನ ಬಗ್ಗೆ ಆಡುವ ಧಾಟಿಯಲ್ಲೇ ಚಳಿಯ ಬಗ್ಗೆಯೂ ಆಡುತ್ತಾರೆ.

ಕಾವ್ಯಗಳಲ್ಲಿ ಹೇಮಂತ, ಶಿಶಿರ ಎಂದು ಎರಡು ಋತುಗಳಿವೆ. ಹಳ್ಳಿಯವರ ಬಾಯಲ್ಲಿ ಎರಡೂ ಸೇರಿ ಒಂದೇ ಮಾಗಿ. ಕೊಯ್ಲಾದ ಮೇಲೆ ಹೊಲಕ್ಕೆ ಹಾಕುವ ಉಳುಮೆಗೆ ಮಾಗಿ ಉಳುಮೆ ಎಂದೇ ಹೆಸರು. ಚಳಿಯ ಸುತ್ತ ಕನ್ನಡ ಕಟ್ಟಿಕೊಂಡಿರುವ ಮಾತುಗಳಲ್ಲಿ ನಗು ಬೆರೆತಿರುವುದನ್ನು ಗಮನಿಸಬೇಕು. ಬೆಂಕಿಯ ಮುಂದೆ ಕೂತವನು ಕಾಯಿಸುವುದು ಮೈಯನ್ನು. ಆದರೆ ನಾವು ಹೇಳುವುದು ‘ಚಳಿ ಕಾಯಿಸುತ್ತಿದ್ದಾನೆ’ ಎಂದು. ಸಂಕೋಚ ಬಿಡದವನಿಗೆ ‘ಮೈಚಳಿ ಬಿಡು’ ಎನ್ನುತ್ತೇವೆ. ತಂಟೆ ಮಾಡುವ ಹುಡುಗನಿಗೆ ಮನೆಯ ಹಿರಿಯರು ‘ಇರು, ನಿಂಗೆ ಚಳಿ ಬಿಡಿಸ್ತೀನಿ’ ಎಂದು ಗದರುತ್ತಾರೆ. ಸಭೆಗೆ ಸಿದ್ಧರಾಗದೆ ಬಂದ ಅಧಿಕಾರಿಗಳಿಗೆ ಶಾಸಕರು ‘ಚಳಿ ಬಿಡಿಸಿದ’ ಸುದ್ದಿ ನಡು ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ಮೈಮೇಲೆ ಕೂದಲು ತುಂಬಿದ ಹುಳುವಿಗೆ ನಮ್ಮವರು ಇಟ್ಟ ಹೆಸರು ಕಂಬಳಿಹುಳು. ಚಳಿಗೆ ಹೆದರಿ ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡು ಬಂದವನದ್ದು ಕಾಗೆ ಸ್ನಾನ.

ಕಾಗೆ ಸ್ನಾನದ ತಮಾಷೆಗೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕಿಂತ ಒಳ್ಳೆಯ ಜಾಗವಿಲ್ಲ. ಕಾವೇರಿ ದಂಡೆಯ ಈ ಊರಿನ ಸುಬ್ರಹ್ಮಣ್ಯಸ್ವಾಮಿ ರಥೋತ್ಸವ ಮಾರ್ಗಶಿರದ ಷಷ್ಠಿಗೆ, ಅಂದರೆ ಚಳಿ ಏರುವ ಹೊತ್ತಿಗೇ ಬರುತ್ತದೆ. ದನಗಳ ಜಾತ್ರೆಯೂ ಆಗಲೇ. ಎತ್ತು ಹೊಡೆದುಕೊಂಡು ಬಂದವರು ಬಯಲಲ್ಲೇ ಬೀಡುಬಿಟ್ಟು, ಹುಲ್ಲು, ಸೌದೆ ಕೂಡಿಹಾಕಿ ಬೆಂಕಿಯ ಸುತ್ತ ರಾತ್ರಿ ಕಳೆಯುತ್ತಾರೆ. ಬೆಳಿಗ್ಗೆ ಹೊಳೆಯಲ್ಲಿ ಮುಳುಗಬೇಕು. ದೇವರ ಮೀನುಗಳಿರುವ ಇಲ್ಲಿನ ಮಡುವಿಗೆ ವಹ್ನಿ ಪುಷ್ಕರಿಣಿ ಎಂದು ಹೆಸರು. ವಹ್ನಿ ಎಂದರೆ ಬೆಂಕಿ! ಅರಕಲಗೂಡಿನ ಹೆಸರನ್ನೂ ಸ್ಥಳಪುರಾಣ ಅರ್ಕನಿಗೆ, ಅಂದರೆ ಸೂರ್ಯನಿಗೆ ಜೋಡಿಸುತ್ತದೆ. ಅಲ್ಲಿ ಅರ್ಕೇಶ್ವರನ ಗುಡಿಯಿದೆ. ಹೆಸರಿನಲ್ಲಿ ಬಿಸಿಲಿಗೂ ಬೆಂಕಿಗೂ ಕೊರತೆಯಿಲ್ಲದ ತಾಲ್ಲೂಕು ಇದು.

ಕರಿಕಂಬಳಿಯ ಕಾಲ

ಚಳಿಯ ಚರಿತ್ರೆ ಎಂದರೆ ಈ ಭಾಗದಲ್ಲಿ ಬಹುಪಾಲು ಕಂಬಳಿಯ ಚರಿತ್ರೆಯೇ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಕುರುಬರ ಕುರಿ ಸಾಕಣೆ, ಕಂಬಳಿ ನೇಯ್ಗೆಗಳ ವಿವರವನ್ನು ಬರೆದಿಟ್ಟಿದ್ದಾನೆ. ಹಾಸನದ ಹೆಸರಿನಲ್ಲೇ ಒಂದು ಕುರಿ ತಳಿಯಿದೆ. ಚಿಕ್ಕ ಮೈ, ಬಿಳಿ ಬಣ್ಣದ ಮೇಲೆ ಕಂದು ಇಲ್ಲವೇ ಕಪ್ಪು ಮಚ್ಚೆ, ಒರಟು ಉಣ್ಣೆ. ನಯವಾದ ಶಾಲಿಗೆ ಬಾರದ ಈ ಒರಟು ಉಣ್ಣೆಯೇ ಕಂಬಳಿಗೆ ಬೇಕಾದದ್ದು.

ಕಂಬಳಿ ಒಬ್ಬರ ಕೆಲಸವಲ್ಲ. ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ ಹಗುರ ಮಾಡಬೇಕು. ನೂಲುವುದು ಹೆಂಗಸರ ಪಾಲಿನ ಕೆಲಸ. ಹಾಸಿನ ನೂಲಿಗೆ ಹುಣಸೆ ಬೀಜವನ್ನು ಅರೆದು ಬೇಯಿಸಿದ ಗಂಜಿ ಬಳಿದು, ಬಿಸಿಲಿಗೆ ಒಣಗಿಸಿ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಮಗ್ಗದಲ್ಲಿ ನೇಯುತ್ತಾರೆ. ಗಂಜಿ ಕುಡಿದ ಹೊಸ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ, ಮೈಗೆ ಚುಚ್ಚುತ್ತದೆ. ನಾಲ್ಕಾರು ಮಳೆಗಾಲ ಕಂಡ ಮೇಲೆಯೇ ಅದು ಮೆತ್ತಗಾಗುವುದು. ಉಣ್ಣೆಯ ಸುರುಳಿ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಮೈಯ ಬಿಸಿಯನ್ನು ಹೊರಕ್ಕೆ ಬಿಡುವುದಿಲ್ಲ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವ ಹೀರಿದರೂ ಉಣ್ಣೆ ಒದ್ದೆ ಎನಿಸುವುದಿಲ್ಲ. ಹೀಗಾಗಿ ಮಳೆಗೆ ಕೊಪ್ಪೆಯಾಗಿ ತಲೆಗೇರಿದ ಕಂಬಳಿ, ಮಾಗಿಯಲ್ಲಿ ಹೊದಿಕೆ. ಸಂತೆಯಲ್ಲಿ ಅದೇ ಹಾಸು. ಪಂಚಾಯಿತಿ ಕೂಡಿದರೆ ಹಿರಿಯರ ಆಸನವೂ ಅದೇ.

ಇಷ್ಟು ಬೆಲೆಬಾಳುವ ವಸ್ತುವಿನ ಮೇಲೆ ನಗೆ ಹುಟ್ಟದೆ ಇರುತ್ತದೆಯೇ? ಪ್ರವಾಹದ ಹೊಳೆಯಲ್ಲಿ ಏನೋ ಕಪ್ಪಗೆ ತೇಲಿ ಬರುತ್ತಿತ್ತಂತೆ. ಕಂಬಳಿ ಗಂಟು ಎಂದುಕೊಂಡು ಒಬ್ಬ ಧುಮುಕಿ ಅದನ್ನು ತಬ್ಬಿದ. ಅದು ಕರಡಿ. ದಡದಲ್ಲಿದ್ದ ಗೆಳೆಯ ‘ಕಂಬಳಿ ಹೋಗಲಿ, ಬಿಟ್ಟು ಬಾರೋ’ ಎಂದು ಕೂಗಿದರೆ ಇವನು ‘ನಾನು ಬಿಟ್ಟರೂ ಕಂಬಳಿ ನನ್ನ ಬಿಡ್ತಾ ಇಲ್ಲವೋ’ ಎಂದನಂತೆ. ಮಠದ ಪ್ರವಚನದಲ್ಲಿ ಇದು ಸಂಸಾರದ ಮೋಹಕ್ಕೆ ದೃಷ್ಟಾಂತ. ಆದರೆ ಕತೆಯ ಬುಡದಲ್ಲಿರುವುದು ಬೇರೆಯೇ ಒಂದು ಸತ್ಯ. ಒಂದು ಕಂಬಳಿಗಾಗಿ ತುಂಬಿದ ಹೊಳೆಗೆ ಹಾರುವುದು ಸಹಜ ಎಂದು ಕೇಳುವವರಿಗೆ ಅನ್ನಿಸಿದರೆ ಮಾತ್ರ ಈ ಕತೆ ನಡೆಯುತ್ತದೆ. ತಲೆತಲಾಂತರದಿಂದ ಕೇಳಿದವರಲ್ಲಿ ಯಾರಿಗೂ ಅದು ಅತಿ ಎನಿಸಲಿಲ್ಲ.

ತಮ್ಮ ಕಷ್ಟವನ್ನೇ ಹಿಡಿದು ನಗುವ ಈ ಗುಣ ಹೇಮಾವತಿ ದಂಡೆಯದು ಎಂದರೆ ಹೆಚ್ಚಾಗಲಿಕ್ಕಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಪುಸ್ತಕಗಳಲ್ಲಿ ಇಲ್ಲಿನವರ ಹಾಸ್ಯವನ್ನು ನಾಡಿಗೆಲ್ಲ ಹಂಚಿದರು. ಇಳಿವಯಸ್ಸಿನಲ್ಲಿ ಅಮೆರಿಕಕ್ಕೂ ಹೋಗಿಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ 1980ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದಿತು.

ನಗು ನಿಲ್ಲುತ್ತಿದ್ದ ಒಂದು ಚಳಿಯೂ ಇತ್ತು. ಅದು ಚಳಿಜ್ವರ. ಮಂಜರಾಬಾದ್ ಎಂದು ಹೆಸರಾಗಿದ್ದ ಸಕಲೇಶಪುರದ ಕಡೆಯ ಮಲೆನಾಡಿನಲ್ಲಿ ‘ಚಳಿ ಬಂದಿದೆ’ ಎಂದರೆ ಋತುವಿನ ಮಾತಲ್ಲ, ಮಲೇರಿಯಾ. ನಡು ಮಧ್ಯಾಹ್ನ ಮೂರು ಕಂಬಳಿ ಹೊದಿಸಿದರೂ ನಿಲ್ಲದ ನಡುಕ ಅದು. ಮೈಸೂರು ಸರ್ಕಾರ 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಈ ರೋಗದ ಅಧ್ಯಯನಕ್ಕೆ ಕೈಹಾಕಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು, ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಮಲೆನಾಡಿನಲ್ಲಿ ಚಳಿ ಎಂಬ ಪದಕ್ಕೆ ಅದರ ಹಳೆಯ ಅರ್ಥ ಮರಳಿತು.

ಬಚ್ಚಲೊಲೆಯಿಂದ ಮಂಕಿ ಕ್ಯಾಪಿಗೆ

ಮನೆಯೊಳಗಿನ ಚಳಿಗೆ ಮದ್ದು ಬಚ್ಚಲೊಲೆ. ತಾಮ್ರದ ಹಂಡೆಯ ಕೆಳಗೆ ಬೆಳಗಿನ ಜಾವವೇ ಸೌದೆ, ತೆಂಗಿನ ಗರಿ ತುರುಕಿ ಉರಿ ಹಾಕಿದರೆ ಮನೆಮಂದಿಯೆಲ್ಲ ಅಲ್ಲಿಗೇ ಬರುತ್ತಿದ್ದರು. ಸ್ನಾನಕ್ಕೆ ಹೋದವರು ಬೇಗ ಹೊರಗೆ ಬರಲೊಲ್ಲರು, ಹೊರಗಿನವರು ಬಾಗಿಲು ಬಡಿಯುವುದನ್ನು ಬಿಡಲೊಲ್ಲರು. ದನಗಳನ್ನು ಮನೆಯೊಳಗೇ ಕಟ್ಟುತ್ತಿದ್ದ ಕಾಲದಲ್ಲಿ ಅವುಗಳ ಉಸಿರಿನ ಬಿಸಿಯೂ ಮನೆಗೆ ಸಲ್ಲುತ್ತಿತ್ತು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿಮನೆಗಳು ಮಾತ್ರ ಮಾಗಿಯಲ್ಲಿ ಯಾರಿಗೂ ಉಪಕಾರ ಮಾಡಿದಂತೆ ಕಾಣುವುದಿಲ್ಲ. ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಗಾಳಿ, ಬೆಳಕು.

ಊಟದಲ್ಲಿ ಬಿಸಿ ರಾಗಿಮುದ್ದೆಗೆ ಹುರುಳಿ ಕಟ್ಟಿನ ಸಾರು. ಇಬ್ಬನಿ ಬಿದ್ದಷ್ಟೂ ಸೊಗಡು ಏರುವ ಅವರೆಕಾಯಿಗೂ ಇದೇ ಕಾಲ. ಧನುರ್ಮಾಸದ ಪೂಜೆಗೆ ನಸುಕಿನಲ್ಲೇ ಎದ್ದು ಹೋಗುವವರಿಗೆ ದೇವರಷ್ಟೇ ಮುಖ್ಯ ಅಲ್ಲಿ ಸಿಗುವ ಬಿಸಿ ಹುಗ್ಗಿ ಎಂದು ಪೂಜಾರಿಗಳೇ ನಗುವುದುಂಟು. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ. ಎಣ್ಣೆಯಂಶ ತುಂಬಿದ ಈ ತಿನಿಸು ಒಡೆದ ತುಟಿ, ಒಣಗಿದ ಚರ್ಮದ ಕಾಲಕ್ಕೆ ಹೊಂದಿಕೊಂಡು ಬಂದದ್ದು. ಅಂದು ಸಂಜೆ ದನಗಳಿಗೆ ಕಿಚ್ಚು ಹಾಯಿಸಿದ ಬೆಂಕಿ ಆರುವವರೆಗೂ ಊರವರು ಅಲ್ಲಿಂದ ಕದಲುವುದಿಲ್ಲ.

ಆಮೇಲೆ ಪೇಟೆಯ ಉಡುಪು ಬಂತು. ನೌಕರರು, ಮೇಷ್ಟರುಗಳ ಮೂಲಕ ಸ್ವೆಟರು, ಮಫ್ಲರು, ಮಂಕಿ ಕ್ಯಾಪು ಹಳ್ಳಿಗೆ ಇಳಿದವು. ಈ ಮಂಕಿ ಕ್ಯಾಪಿನ ಇಂಗ್ಲಿಷ್ ಹೆಸರು ಬಾಲಾಕ್ಲಾವ. 1854ರ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಚಳಿಗೆ ನಡುಗಿದ ಊರಿನ ಹೆಸರೇ ಅದಕ್ಕೆ ಬಂದಿದೆ. ಹಾಲಿನ ಡೇರಿಗೆ ಕ್ಯಾನು ಹಿಡಿದು ಹೊರಟ ಅಜ್ಜನ ತಲೆಯ ಮೇಲೆ ಕ್ರಿಮಿಯಾ ಯುದ್ಧ ಕೂತಿದೆ ಎಂದು ಯಾರು ತಾನೇ ಎಣಿಸಿಯಾರು? ಇನ್ನೊಂದು ವಿಚಿತ್ರವೂ ಉಂಟು. ಅರಕಲಗೂಡಿಗೆ ಹೆಚ್ಚು ದೂರವಲ್ಲದ ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟನ್ನರ ಬೀಡಿದೆ. ಚಳಿಗಾಲ ಬಂತೆಂದರೆ ನಮ್ಮ ಪಟ್ಟಣಗಳ ರಸ್ತೆ ಬದಿಯಲ್ಲಿ ಸ್ವೆಟರ್ ರಾಶಿ ಹಾಕಿ ಕೂರುವವರು ಟಿಬೆಟನ್ನರು. ಹಿಮದ ನಾಡಿನಿಂದ ಬಂದವರು, ಲುಧಿಯಾನದಲ್ಲಿ ಹೆಣೆದ ಸ್ವೆಟರುಗಳನ್ನು ಕನ್ನಡದಲ್ಲಿ ಚೌಕಾಸಿ ಮಾಡುತ್ತ ನಮಗೆ ಮಾರುತ್ತಾರೆ.

ಇದರ ನಡುವೆ ಕಂಬಳಿ ಸೋತಿತು. ಗೋಮಾಳಗಳು ಕರಗಿ ಕುರಿ ಮೇಯಲು ಜಾಗ ಕಡಿಮೆಯಾಯಿತು. ಉಣ್ಣೆಗಿಂತ ಮಾಂಸಕ್ಕೆ ಬೆಲೆ ಬಂದು, ಕತ್ತರಿಸಿದ ಒರಟು ಉಣ್ಣೆಯನ್ನು ಕೇಳುವವರು ಇಲ್ಲವಾದರು. ಹಳೆಯ ಉಣ್ಣೆ ಬಟ್ಟೆಗಳನ್ನು ಚಿಂದಿ ಮಾಡಿ ಮತ್ತೆ ನೂತು ಪಾಣಿಪತ್ತಿನಲ್ಲಿ ತಯಾರಾಗುವ ಅಗ್ಗದ ರಗ್ಗು ಸಂತೆಗೆ ಬಂದ ಮೇಲೆ, ಎಷ್ಟೋ ದಿನದ ಕೈಕೆಲಸ ಬೇಡುವ ಕಂಬಳಿ ಅದರ ಎದುರು ನಿಲ್ಲಲಾರದೆ ಹೋಯಿತು. ಇದನ್ನು ನಷ್ಟವೆಂದೇ ಹೇಳುವುದು ನ್ಯಾಯವಲ್ಲ. ಗೋಣಿಚೀಲ ಹೊದ್ದು ಮಲಗುತ್ತಿದ್ದವರಿಗೆ ಆ ರಗ್ಗು ಎಟುಕಿತು, ಕಂಬಳಿ ಎಷ್ಟೋ ಸಲ ಎಟುಕಿರಲಿಲ್ಲ.

ಬೆಂಕಿಯ ಅಪಾಯವಂತೂ ಈಗ ಹಿಂದಿಗಿಂತ ಹೆಚ್ಚು. ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿದ್ದ ಹಳೆಯ ಮನೆಯಲ್ಲಿ ಕೆಂಡದ ಬಾಂಡಲಿ ಇಟ್ಟುಕೊಂಡು ಮಲಗಿದರೂ ನಡೆಯುತ್ತಿತ್ತು. ಕಿಟಕಿ ಮುಚ್ಚಿದ ಆರ್.ಸಿ.ಸಿ. ಕೋಣೆಯಲ್ಲಿ ಅದೇ ಕೆಂಡ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ತೋಟಗಳಿಗೆ ದೂರದಿಂದ ಬಂದ ಕೂಲಿಯವರು, ಕಟ್ಟಡದ ಕೆಲಸಕ್ಕೆ ಬಂದು ಅಲ್ಲಿಯೇ ಶೆಡ್ಡಿನಲ್ಲಿ ಮಲಗುವವರು ಚಳಿ ತಡೆಯಲು ಕೆಂಡವನ್ನು ಒಳಗೆ ತಂದು ಬಾಗಿಲು ಹಾಕಿಕೊಳ್ಳುತ್ತಾರೆ. ಬಡವರ ಊಟಿಯಲ್ಲಿ ಇಂದಿಗೂ ಬಡವರು ಅವರೇ.

ಕಂಬಳಿ ಪೂರ್ತಿ ಮರೆಯಾಗಿಲ್ಲ. ಹಲವು ಸಮುದಾಯಗಳ ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಗದ್ದುಗೆ ಹಾಕಲು ಇಂದಿಗೂ ಕರಿಕಂಬಳಿಯೇ ಆಗಬೇಕು. ಮನೆಯಲ್ಲಿ ಇಲ್ಲದವರು ಬೀದಿಯಲ್ಲಿ ಯಾರ ಬಳಿ ಇದೆ ಎಂದು ವಿಚಾರಿಸಿ ಕೇಳಿ ತರುತ್ತಾರೆ. ಶಾಸ್ತ್ರ ಮುಗಿದ ಮೇಲೆ ಅಕ್ಕಿ ಕಾಳು ಕೊಡವಿ, ಮಡಿಸಿ, ಅವರ ಕಂಬಳಿ ಅವರಿಗೆ ಒಪ್ಪಿಸಿ ಬಂದು, ರಾತ್ರಿ ಪಾಣಿಪತ್ತಿನ ರಗ್ಗು ಹೊದ್ದು ಮಲಗುತ್ತಾರೆ.